ಕಿಂಗ್ ಕ್ರಿಮ್ಸನ್ ಕ್ಯಾಸೆಟ್ಟು, ತಂಬೂರಿ ಮತ್ತು ಗದ್ದಲ

(ಧಾರವಾಡದಲ್ಲಿ ಹಳೆಯ ರೆಕಾರ್ಡಿಂಗ್ ಕೇಳುವ ಗೆಳೆಯರ ಮುಂದೆ ಆಡಿದ ಮಾತು. ನಡುನಡುವೆ ಕೇಳಿಸಿದ ತುಣುಕುಗಳನ್ನು ಬರಹದಲ್ಲಿ ಕೊಡಲು ಬರಲ್ಲ. ಅದಕ್ಕೇ ಅಲ್ಲಲ್ಲಿ ಒಂದೆರಡು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಕೆಟ್ಟದಾಗಿ ರೆಕಾರ್ಡ್ ಆದ ಒಂದು ಆಲ್ಬಮ್ ಬಗ್ಗೆ. ಹೆಸರು ಅರ್ಥ್‌ಬೌಂಡ್. ಮಾಡಿದವರು ಕಿಂಗ್ ಕ್ರಿಮ್ಸನ್ ಅನ್ನುವ ಇಂಗ್ಲೆಂಡಿನ ಬ್ಯಾಂಡ್. 1972ರ ಫೆಬ್ರವರಿ, ಮಾರ್ಚ್‌ನಲ್ಲಿ ಅವರು ಅಮೆರಿಕದಲ್ಲಿ ಊರೂರು ತಿರುಗಿ ನುಡಿಸುತ್ತಿದ್ದರು. ಬ್ಯಾಂಡ್ ಆಗಲೇ ಒಳಗಿಂದ ಒಡೆದಿತ್ತು. ಒಪ್ಪಂದ ಆಗಿಬಿಟ್ಟಿದೆ, ಮುಗಿಸಲೇಬೇಕು ಅಂತ ಹೋದವರು. ಗಿಟಾರ್ ರಾಬರ್ಟ್ ಫ್ರಿಪ್, ಸ್ಯಾಕ್ಸೋಫೋನ್ ಮೆಲ್ ಕಾಲಿನ್ಸ್, ಡ್ರಮ್ಸ್ ಇಯಾನ್ ವಾಲೇಸ್, ಹಾಡು ಮತ್ತು ಬೇಸ್ ಎರಡೂ ಬಾಜ್ ಬರೆಲ್. ಈ ಬಾಜ್ ಮೊದಲು ಬರೀ ಹಾಡುಗಾರ. ಬೇಸ್ ಗಿಟಾರ್ ಕಲಿಸಿದ್ದು ಫ್ರಿಪ್ಪೇ, ಅದೂ ಬ್ಯಾಂಡಿಗೆ ಸೇರಿದ ಮೇಲೆ.

ದೊಡ್ಡ ಬ್ಯಾಂಡುಗಳು ಲೈವ್ ಆಲ್ಬಮ್ ಮಾಡಬೇಕು ಅಂದರೆ ಲಾರಿಯಲ್ಲಿ ಒಂದು ಸ್ಟುಡಿಯೋ ಹೊತ್ತು ತರುತ್ತಿದ್ದ ಕಾಲ ಅದು. 2 ಇಂಚಿನ ಟೇಪು, 16 ಟ್ರ್ಯಾಕು (ಒಂದೇ ಟೇಪಿನಲ್ಲಿ ಪಕ್ಕಪಕ್ಕ ಬೇರೆಬೇರೆ ಸದ್ದು ಹಿಡಿಯುವ ಪಟ್ಟಿಗಳು), ಸೆಕೆಂಡಿಗೆ 38 ಸೆಂಟಿಮೀಟರ್ ಓಟ. ಇವರ ಹತ್ತಿರ ಇದ್ದದ್ದು ಒಂದು ಆಂಪೆಕ್ಸ್ ಸ್ಟೀರಿಯೋ ಕ್ಯಾಸೆಟ್ ರೆಕಾರ್ಡರ್. ಎಲ್ಲ ಮೈಕುಗಳ ಸದ್ದನ್ನು ಕೂಡಿಸುವ ಮಿಕ್ಸರ್‌ನಿಂದ ಒಂದು ವೈರ್ ಎಳೆದು ಅದಕ್ಕೆ ಕೊಟ್ಟರು, ಅಷ್ಟೇ. ಮಳೆಯಲ್ಲಿ, ಫೋಕ್ಸ್‌ವ್ಯಾಗನ್ ಗಾಡಿಯ ಹಿಂಭಾಗದಲ್ಲಿ ಕೂತು ರೆಕಾರ್ಡ್ ಮಾಡಿದ್ದು ಅಂತ ಆಲ್ಬಮ್ಮಿನ ಕವರ್ ಮೇಲೇ ಮುಚ್ಚುಮರೆ ಇಲ್ಲದೆ ಬರೆದುಕೊಂಡಿದ್ದಾರೆ. ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ. ಅದರಲ್ಲೇ ನಾಲ್ಕು ಟ್ರ್ಯಾಕ್, ಒಂದೊಂದಕ್ಕೆ ಸುಮಾರು 0.6 ಮಿಲಿಮೀಟರ್. ಓಟ ಸೆಕೆಂಡಿಗೆ 4.76 ಸೆಂಟಿಮೀಟರ್, ಅಂದರೆ ಸ್ಟುಡಿಯೋ ಟೇಪಿನ ಎಂಟನೇ ಒಂದು ಭಾಗ. ಅದೇ ವರ್ಷ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಐಲ್ಯಾಂಡ್ ಕಂಪನಿ ಇದನ್ನು ತನ್ನ ಅಗ್ಗದ ಸರಣಿಯಲ್ಲಿ ಬಿಟ್ಟಿತು. ಅಮೆರಿಕದ ಅಟ್ಲಾಂಟಿಕ್ ಕಂಪನಿ ಸೌಂಡ್ ಸರಿಯಿಲ್ಲ ಅಂತ ಬಿಡಲೇ ಇಲ್ಲ. ಅಧಿಕೃತ ಸಿಡಿ ಬಂದಿದ್ದು 2002ರಲ್ಲಿ!

ಪ್ರೊಗ್ರೆಸಿವ್ ರಾಕ್ ಅಂದರೆ ಏನು ಅಂತ ಇಲ್ಲಿ ಜಾಸ್ತಿ ಹೇಳಬೇಕಿಲ್ಲ. ಪಿಂಕ್ ಫ್ಲಾಯ್ಡ್ ಹೆಸರು ಎಲ್ಲರೂ ಕೇಳಿದ್ದೀರಿ. ಉದ್ದುದ್ದ ಹಾಡು, ನಡುವೆ ಲಯ ಬದಲಾಗುತ್ತಾ ಹೋಗುತ್ತದೆ, ಐದರ ಲೆಕ್ಕ, ಏಳರ ಲೆಕ್ಕ. ಝಪತಾಳ, ರೂಪಕ ಕೇಳಿ ಬೆಳೆದ ಧಾರವಾಡದ ಮಂದಿಗೆ ಇದರಲ್ಲಿ ಹೆದರೋದೇನೂ ಇಲ್ಲ. ನನಗೆ ಬೇಕಾದ ವಿಷಯ ಬೇರೆ. ಕಿಂಗ್ ಕ್ರಿಮ್ಸನ್ ವೇದಿಕೆ ಮೇಲೆ ಮೊದಲೇ ಗೊತ್ತುಮಾಡಿಕೊಳ್ಳದೆ ನುಡಿಸುವ ಬ್ಯಾಂಡ್. ನಿನ್ನೆ ಆಗಿದ್ದು ಇವತ್ತು ಆಗಲ್ಲ. ನಮ್ಮ ಬೈಠಕ್, ಅಂದರೆ ಕೆಲವೇ ಜನರ ಮುಂದೆ ಕೂತು ಹಾಡುವ ಹಿಂದೂಸ್ತಾನಿ ಕಛೇರಿ, ಹೇಗೋ ಹಾಗೆ. ಮಲ್ಲಿಕಾರ್ಜುನ ಮನಸೂರರು ಒಂದು ಸಂಜೆ ಹಾಡಿದ ರಾಗ ಇನ್ನೊಂದು ಸಂಜೆ ಹಾಗೇ ಬರುತ್ತಿತ್ತಾ? ಇಲ್ಲ ಅಲ್ವಾ. ಆ ಸಂಜೆಯ ಒಂದೇ ಒಂದು ದಾಖಲೆ ಒಂದು ಬಡ ಕ್ಯಾಸೆಟ್ಟಿನಲ್ಲಿದ್ದರೆ ಅದನ್ನೇ ಇಟ್ಟುಕೊಂಡು ಕೆಲಸ ಮಾಡಬೇಕು. "ಇನ್ನೊಮ್ಮೆ ಹಾಡಿ" ಅನ್ನೋಕೆ ಯಾರೂ ಉಳಿದಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ರಿಸ್ಟೋರೇಶನ್, ಅಂದರೆ ಹಳೆಯ ರೆಕಾರ್ಡಿಂಗನ್ನು ಸರಿಪಡಿಸೋದು, ಅಂದ ಕೂಡಲೇ ಎಲ್ಲರೂ ಕಂಪ್ಯೂಟರ್ ಕಡೆ ನೋಡುತ್ತಾರೆ. ನಿಜ ಹೇಳಬೇಕು ಅಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಟೇಪ್ ಡೆಕ್ ಮುಂದೆಯೇ ಮುಗಿಯುತ್ತದೆ. ಕ್ಯಾಸೆಟ್ ಬಾಯಿಯ ನಡುವೆ ಒಂದು ಸಣ್ಣ ಫೆಲ್ಟ್ ತುಂಡು ಇರುತ್ತದೆ, ಟೇಪನ್ನು ಹೆಡ್ಡಿಗೆ, ಅಂದರೆ ಟೇಪಿನಿಂದ ಸದ್ದು ಓದುವ ಭಾಗಕ್ಕೆ, ಒತ್ತಿ ಹಿಡಿಯೋದು ಅದೇ. ಮೂವತ್ತು ನಲವತ್ತು ವರ್ಷ ಆದ ಮೇಲೆ ಅದರ ಗೋಂದು ಒಣಗಿ ಬಿದ್ದುಹೋಗುತ್ತದೆ. ಬಿದ್ದಿದ್ದು ಗೊತ್ತಾಗದೆ ಪ್ಲೇ ಮಾಡಿದರೆ ಸದ್ದು ಮಂಕಾಗಿ ಬರುತ್ತದೆ, ನಾವು "ಪಾಪ, ಹಳೇ ಟೇಪು" ಅಂದುಕೊಳ್ಳುತ್ತೇವೆ. ಟೇಪು ಚೆನ್ನಾಗೇ ಇರುತ್ತದೆ. ಟೇಪನ್ನು ತೆಗೆದು ಐದು ಸ್ಕ್ರೂ ಇರುವ ಬೇರೆ ಡಬ್ಬಿಗೆ ಹಾಕಿದರೆ ಮುಗೀತು.

ಆಮೇಲೆ ಅಜಿಮತ್, ಅಂದರೆ ಟೇಪಿಗೆ ಹೆಡ್ಡು ನಿಲ್ಲುವ ಕೋನ. ಡೆಕ್ಕಿನ ಹೆಡ್ಡಿನಲ್ಲಿ ಕೂದಲಿಗಿಂತ ತೆಳುವಾದ ಒಂದು ಸಂದಿ ಇರುತ್ತದೆ. ಅದು ಟೇಪಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನಿಲ್ಲಬೇಕು. ರೆಕಾರ್ಡ್ ಮಾಡಿದ ಡೆಕ್ಕಿನ ಹೆಡ್ ಕೊಂಚ ವಾರೆ ಇತ್ತು ಅಂತಿಟ್ಟುಕೊಳ್ಳಿ, ಆಗ ನಮ್ಮ ಡೆಕ್ಕಿನ ಹೆಡ್ಡನ್ನೂ ಅಷ್ಟೇ ವಾರೆ ಮಾಡಬೇಕು. ಹೆಡ್ಡಿನ ಎರಡೂ ಪಕ್ಕ ಒಂದೊಂದು ಸ್ಕ್ರೂ ಇರುತ್ತದೆ, ಸ್ಪ್ರಿಂಗ್ ಇರುವ ಕಡೆಯದ್ದು ನಮ್ಮದು. ಕಂಪನಿಯವರು ಅದರ ಮೇಲೆ ಒಂದು ಹನಿ ಬಣ್ಣ ಹಾಕಿ ಮುಟ್ಟಬೇಡಿ ಅಂತ ಸೂಚನೆ ಕೊಟ್ಟಿರುತ್ತಾರೆ. ಟೇಪ್ ಓಡುತ್ತಿರುವಾಗ, ಎಡ ಬಲ ಎರಡನ್ನೂ ಕೂಡಿಸಿ ಮೋನೋದಲ್ಲಿ ಕೇಳುತ್ತಾ, ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಇಷ್ಟೇ ಇಷ್ಟು ತಿರುಗಿಸಿ. ಮೊದಲು ಸದ್ದು ಇನ್ನೂ ಮುಚ್ಚಿಕೊಳ್ಳುತ್ತದೆ, ಟೊಳ್ಳಾಗುತ್ತದೆ. ಆ ಕಡೆಯಿಂದ ಈ ಕಡೆ ಬನ್ನಿ. ಒಂದು ಜಾಗದಲ್ಲಿ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ ಸಿಂಬಲ್ ಪಟ್ಟನೆ ತೆರೆದುಕೊಳ್ಳುತ್ತದೆ, ತಬಲಾ ಆದರೆ ಅಂಚಿನಲ್ಲಿ, ಅಂದರೆ ಚಾಟಿಯಲ್ಲಿ, ಬಾರಿಸಿದ "ನಾ" ಎದ್ದು ಬರುತ್ತದೆ. ಅಲ್ಲೇ ನಿಲ್ಲಿಸಿ. ಹೀಗೆ ಟೇಪಿನಿಂದಲೇ ಸಿಗುವ ಹೈ ಫ್ರೀಕ್ವೆನ್ಸಿಯನ್ನು ಆಮೇಲೆ ಯಾವ ಸಾಫ್ಟ್‌ವೇರಿನ ಈಕ್ವಲೈಜರ್ ಹಾಕಿದರೂ ತರೋಕಾಗಲ್ಲ. ಇಲ್ಲದ್ದನ್ನು ಎತ್ತಲು ಹೋದರೆ ಏಳೋದು ಸುಯ್ ಅನ್ನುವ ಸದ್ದು ಮಾತ್ರ.

ಮುಂದಿನದು ಓಟದ ವೇಗ. ಕ್ಯಾಸೆಟ್ 6 ಪರ್ಸೆಂಟ್ ಜೋರಾಗಿ ಓಡಿದರೆ ಶ್ರುತಿ ಪೂರಾ ಒಂದು ಮನೆ ಏರುತ್ತದೆ, ಕಾಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡಿದವರು ಅದರ ಮುಂದಿನ ಬಿಳಿ ಮನೆಯಲ್ಲಿ ಹಾಡಿದಂತೆ ಕೇಳಿಸುತ್ತಾರೆ. ಬೈಠಕ್ ಟೇಪಿನಲ್ಲಿ ಹಾರ್ಮೋನಿಯಂ ಇದ್ದರೆ ಬಚಾವು. ಅದರ ರೀಡು ಸುಮ್ನೆ ಏರಿಳಿಯಲ್ಲ, ಅದಕ್ಕೆ ಹೊಂದಿಸಿಕೊಳ್ಳಬಹುದು. ಕಿಂಗ್ ಕ್ರಿಮ್ಸನ್ನಿನಲ್ಲಿ ಹಾಗೆ ನಂಬಬಹುದಾದ ಕೀಬೋರ್ಡ್ ಇರಲಿಲ್ಲ. ಇದ್ದದ್ದು ಮೆಲೊಟ್ರಾನ್, ಅದರ ಸುದ್ದಿಗೆ ಆಮೇಲೆ ಬರುತ್ತೇನೆ. ಅದರ ಮೋಟರ್ ಕರೆಂಟಿನ ವೋಲ್ಟೇಜ್ ಇಳಿದರೆ ತಾನೂ ಇಳಿಯುತ್ತಿತ್ತು. ಹಾಗಾಗಿ ಇಂಥ ಕಡೆ ಹಿಡಿಯಬೇಕಾದದ್ದು ಹಮ್. ಸ್ಪೀಕರಿನಲ್ಲಿ ಸದಾ ಗುಂಯ್ ಅನ್ನುತ್ತದಲ್ಲ, ಆ ಕರೆಂಟಿನ ಸದ್ದು. ಅಮೆರಿಕದಲ್ಲಿ ಅದು 60 ಹರ್ಟ್ಸ್, ಇಂಗ್ಲೆಂಡಿನಲ್ಲಿ ಮತ್ತು ನಮ್ಮಲ್ಲಿ 50. ಅಮೆರಿಕದ ಟೇಪಿನಲ್ಲಿ ಹಮ್ 61.2 ಹರ್ಟ್ಸ್‌ಗೆ ಬರ್ತಿದೆ ಅಂದರೆ ಟೇಪು 2 ಪರ್ಸೆಂಟ್ ಜೋರು ಓಡುತ್ತಿದೆ. ಅದೇ ಟೇಪಿನಲ್ಲಿ 50ರ ಹಮ್ ಕೂಡ ಸಿಕ್ಕಿತಾ? ಆಗ ಯಾರೋ ಅದನ್ನು ಅಟ್ಲಾಂಟಿಕ್ ದಾಟಿಸಿ ಕಾಪಿ ಮಾಡಿದ್ದಾರೆ, ನಿಮ್ಮ ಕೈಯಲ್ಲಿರೋದು ಮೂಲ ಅಲ್ಲ. ಎಲ್ಲರೂ ಮೊದಲು ಅಳಿಸಿ ಹಾಕುವ ಸದ್ದು ಇದು, ಎಷ್ಟು ಮಾಹಿತಿ ಇಟ್ಟುಕೊಂಡಿದೆ ನೋಡಿ. ನಮ್ಮ ಕಡೆ ಜಾತ್ರೆಯ ನಾಟಕದ ಟೇಪಿಗೆ ಮಾತ್ರ ಈ ಉಪಾಯ ನಡೆಯಲ್ಲ. ಜನರೇಟರ್ ಮೇಲೆ ಓಡಿಸಿದ್ದರೆ ಹಮ್ಮೇ ಮೇಲೆ ಕೆಳಗೆ ಆಡುತ್ತಿರುತ್ತದೆ, ಬ್ಯಾಟರಿ ರೆಕಾರ್ಡರ್ ಆಗಿದ್ದರೆ ಎಷ್ಟೋ ಸಲ ಹಮ್ಮೇ ಇರಲ್ಲ.

ಇದಕ್ಕಿಂತ ಸೂಕ್ಷ್ಮದ ಒಂದು ವಿಧಾನವೂ ಇದೆ. ರೆಕಾರ್ಡ್ ಆಗುವಾಗ ಟೇಪಿಗೆ ಬಯಾಸ್ ಅನ್ನುವ, ಕಿವಿಗೆ ಕೇಳಿಸದಷ್ಟು ಎತ್ತರದ ಒಂದು ಸಿಗ್ನಲ್ ಹೋಗುತ್ತದೆ. ಅದರ ಗುರುತು ಟೇಪಿನ ಮೇಲೆ ಉಳಿದಿದ್ದರೆ ಅದನ್ನು ಓದಿ, ಪ್ರತಿ ಕ್ಷಣದ ಏರುಪೇರನ್ನೂ ತಿದ್ದಬಹುದು. ಪ್ಲ್ಯಾಂಜೆಂಟ್ ಅನ್ನುವವರು ಇದರಲ್ಲಿ ಹೆಸರು ಮಾಡಿದ್ದಾರೆ. ನಮ್ಮ ನಿಮ್ಮ ಮನೆಯ ಡೆಕ್ಕಿನಿಂದ ಆಗೋ ಕೆಲಸ ಅಲ್ಲ ಬಿಡಿ.

ಇನ್ನು ನಾನು ನಿಜವಾಗಿ ಹೇಳಬೇಕು ಅಂತ ಬಂದ ವಿಷಯ. ನಾಯ್ಸ್ ರಿಡಕ್ಷನ್. ಇದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಯಾರೂ ಏನೂ ನುಡಿಸದ ಒಂದೆರಡು ಸೆಕೆಂಡು ಹುಡುಕಿ ಸಾಫ್ಟ್‌ವೇರಿಗೆ "ಇದೇ ಗದ್ದಲ, ನೋಡಿಕೋ" ಅಂತ ತೋರಿಸುತ್ತೇವೆ. ಅದು ಆಮೇಲೆ ಇಡೀ ಟೇಪಿನಲ್ಲಿ ಅಂಥದ್ದನ್ನೆಲ್ಲ ಇಳಿಸುತ್ತಾ ಹೋಗುತ್ತದೆ. ಅದರ ತಲೆಯಲ್ಲಿರುವುದು ಒಂದೇ ಲೆಕ್ಕ: ಬದಲಾಗದೆ ಒಂದೇ ಸಮ ಇರೋದು ಗದ್ದಲ, ಬದಲಾಗೋದು ಸಂಗೀತ.

ಈಗ ಹೇಳಿ, ನಮ್ಮ ಸಂಗೀತದಲ್ಲಿ ಬದಲಾಗದೆ ಒಂದೇ ಸಮ ಇರೋದು ಯಾವುದು?

(ಇಲ್ಲಿ ಮೂರು ನಾಲ್ಕು ಜನ ಒಟ್ಟಿಗೆ "ತಂಬೂರಿ" ಅಂದರು.)

ಹೌದು, ತಂಬೂರಿ. ಬೈಠಕ್ ಟೇಪಿನಲ್ಲಿ ಗಾಯಕರು ಸುಮ್ಮನಿದ್ದ ಜಾಗ ಅಂತ ಹುಡುಕಿ ತೋರಿಸಿದರೆ ಅಲ್ಲಿ ತಂಬೂರಿ ಇದ್ದೇ ಇರುತ್ತದೆ. ಸಾಫ್ಟ್‌ವೇರ್ ಅದನ್ನೂ ಗದ್ದಲದ ಲೆಕ್ಕಕ್ಕೆ ಹಾಕಿಕೊಂಡು ನುಂಗುತ್ತದೆ. ಕೊನೆಗೆ ಸಿಗೋದು ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿ ತೇಲುವ ಒಂದು ಧ್ವನಿ, ಹಿಂದೆ ನೀರಿನೊಳಗಿಂದ ಬಂದಂಥ ಗುಳುಗುಳು. ಆನ್‌ಲೈನ್‌ನಲ್ಲಿ "ಕ್ಲಿಯರ್ ಆಡಿಯೋ" ಅಂತ ಹಾಕಿರುವ ಹಳೆಯ ಹಿಂದೂಸ್ತಾನಿ ರೆಕಾರ್ಡಿಂಗ್ ಕೆಲವನ್ನು ಕೇಳಿ ನೋಡಿ, ತಂಬೂರಿ ಉಸಿರು ಕಟ್ಟಿದಂತೆ ಬಂದು ಹೋಗಿ ಮಾಡುತ್ತಿರುತ್ತದೆ. ಜೋಳ ಹಸನು ಮಾಡುವಾಗ ಮೊರವನ್ನು ಜೋರಾಗಿ ಕೇರಿದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತಲ್ಲ, ಹಾಗೆ.

ಮೆಲೊಟ್ರಾನ್ ಕತೆ ಇನ್ನೂ ಮಜಾ ಇದೆ. ನೋಡೋಕೆ ಅದು ಕೀಬೋರ್ಡು, ಒಳಗೆ ಪೂರಾ ಟೇಪು. ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ, ಅದರಲ್ಲಿ ಪಿಟೀಲು, ಕೊಳಲು, ಕೋರಸ್ ಮೊದಲೇ ರೆಕಾರ್ಡ್ ಆಗಿರುತ್ತದೆ. ಮನೆ ಒತ್ತಿದರೆ ಆ ಪಟ್ಟಿ ಹೆಡ್ ಮೇಲೆ ಓಡುತ್ತದೆ. ಸುಮಾರು 8 ಸೆಕೆಂಡಿಗೆ ಟೇಪು ಮುಗಿಯುತ್ತದೆ, ಬೆರಳು ಎತ್ತಲೇಬೇಕು. ಅಂದಮೇಲೆ ಮೆಲೊಟ್ರಾನ್ ಸದ್ದಿನಲ್ಲೇ ಸುಯ್ ಅನ್ನೋದು ಸೇರಿದೆ. ಟೇಪಿನೊಳಗೆ ಟೇಪು! ಹೊರಗಿನ ಟೇಪಿನ ಸುಯ್ ತೆಗೆಯಬೇಕು, ಒಳಗಿನ ಸುಯ್ ಉಳಿಸಬೇಕು. ಇದನ್ನು ಸಾಫ್ಟ್‌ವೇರ್ ತಾನಾಗಿ ಹೇಗೆ ತೀರ್ಮಾನ ಮಾಡುತ್ತದೆ? ಮಾಡಲ್ಲ. ಕಿವಿ ಇರುವವರು ಕೂತು ಕೇಳಿ, ಇಲ್ಲಿಗೆ ಸಾಕು ಅನ್ನಬೇಕು.

ಅರ್ಥ್‌ಬೌಂಡ್‌ನಲ್ಲಿ ಇದೇ ಪೇಚು ಇನ್ನೊಂದು ರೂಪದಲ್ಲಿ ಬರುತ್ತದೆ. ಅವರ ಟ್ವೆಂಟಿ ಫಸ್ಟ್ ಸೆಂಚುರಿ ಸ್ಕಿಟ್ಸಾಯ್ಡ್ ಮ್ಯಾನ್ ಅನ್ನುವ ಹಾಡಿನ ದನಿ 1969ರ ಸ್ಟುಡಿಯೋ ಆಲ್ಬಮ್ಮಿನಲ್ಲೇ ಬೇಕಂತ ಒಡೆದ ದನಿ. 1972ರಲ್ಲಿ ವಿಸಿಎಸ್3 ಅನ್ನುವ ಸಿಂಥಸೈಜರ್ ಮೂಲಕ ಹಾಯಿಸಿ ಇನ್ನಷ್ಟು ಕೆಡಿಸಿದ್ದಾರೆ. ಗ್ರೂನ್ ಅನ್ನುವ ಇನ್ನೊಂದರಲ್ಲಿ ಡ್ರಮ್ಸ್‌ಗೂ ಅದೇ ಗತಿ. ಇದರ ಮೇಲೆ ಕ್ಯಾಸೆಟ್ ತನ್ನ ಪಾಲಿನದ್ದನ್ನೂ ಸೇರಿಸಿದೆ, ಲೆವೆಲ್ ಮಿತಿ ಮೀರಿ ಅಲೆಯ ತಲೆಗಳು ಚಪ್ಪಟೆಯಾಗಿವೆ. ಕತ್ತರಿಸಿದ ತಲೆಗಳನ್ನು ಅಂದಾಜಿನಲ್ಲಿ ಮತ್ತೆ ಬೆಳೆಸುವ ಸಾಫ್ಟ್‌ವೇರ್ ಈಗ ಇದೆ. ಅದನ್ನು ಈ ಹಾಡಿನ ಮೇಲೆ ಬಿಟ್ಟರೆ ಬ್ಯಾಂಡ್ ಬೇಕಂತ ಒಡೆದಿದ್ದನ್ನೂ ರಿಪೇರಿ ಮಾಡಲು ಹೊರಡುತ್ತದೆ. 2017ರಲ್ಲಿ ಇದರ ಉದ್ದದ ಆವೃತ್ತಿ ಬಂತು, ಹಾಡುಗಳು ಜಾಸ್ತಿ ಇವೆ. ಈಗಲೂ ಕ್ಯಾಸೆಟ್ ಥರವೇ ಕೇಳಿಸುತ್ತದೆ. ನನ್ನ ಪ್ರಕಾರ ಸರಿಯಾಗೇ ಮಾಡಿದ್ದಾರೆ.

ಫ್ರಿಪ್ ಮತ್ತು ಡೇವಿಡ್ ಸಿಂಗಲ್ಟನ್ 1992ರಲ್ಲಿ ಡಿಜಿಎಂ ಅನ್ನುವ ಸ್ವಂತ ಕಂಪನಿ ಶುರು ಮಾಡಿದರು. 1997ರಲ್ಲಿ ಎಪಿಟಾಫ್ ಹೆಸರಿನಲ್ಲಿ 1969ರ ಕಛೇರಿಗಳು, 1998ರಿಂದ ಸಂಗ್ರಾಹಕರಿಗಾಗಿ ಒಂದಾದ ಮೇಲೊಂದು ಹಳೆಯ ಕಛೇರಿಗಳು ಹೊರಬಂದವು. ಅದರಲ್ಲಿ ರೇಡಿಯೋ ಟೇಪು, ಮಿಕ್ಸರ್ ಟೇಪು, ಜನರ ನಡುವೆ ಕೂತವರು ಕದ್ದು ಮಾಡಿಕೊಂಡ ಟೇಪು, ಎಲ್ಲ ಇವೆ. ಬ್ಯಾಂಡೇ ಕಳ್ಳ ರೆಕಾರ್ಡಿಂಗನ್ನು ತಂದು ತೊಳೆದು ಮಾರಿದ್ದು ನನಗಂತೂ ಭಾರಿ ಖುಷಿ ಕೊಡುವ ವಿಷಯ.

ಜನರ ಸದ್ದಿನ ಮಾತು ಬಂತು. 1973ರ ನವೆಂಬರ್ 23ರಂದು ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಖೆಬೌ ಸಭಾಂಗಣದಲ್ಲಿ ಇವರ ಕಛೇರಿ ಆಯಿತು. ಅಷ್ಟರಲ್ಲಿ ಫ್ರಿಪ್ ಬಿಟ್ಟು ಬ್ಯಾಂಡಿನ ಎಲ್ಲರೂ ಬದಲಾಗಿದ್ದರು. ಮುಂದಿನ ವರ್ಷದ ಸ್ಟಾರ್‌ಲೆಸ್ ಆ್ಯಂಡ್ ಬೈಬಲ್ ಬ್ಲ್ಯಾಕ್ ಆಲ್ಬಮ್ಮಿನ ಬಹುಭಾಗ ಕಛೇರಿಗಳಿಂದ, ಅದರಲ್ಲೂ ಈ ರಾತ್ರಿಯಿಂದ ತೆಗೆದದ್ದು. ಚಪ್ಪಾಳೆಯನ್ನೆಲ್ಲ ಕತ್ತರಿಸಿ ಹಾಕಿದ್ದರಿಂದ ಎಷ್ಟೋ ಜನ ಅದನ್ನು ಸ್ಟುಡಿಯೋ ಆಲ್ಬಮ್ ಅಂತಲೇ ಕೇಳಿದರು. ಅದರಲ್ಲಿ ಟ್ರಯೋ ಅಂತ ಒಂದು ತುಣುಕಿದೆ. ಪಿಟೀಲು, ಬೇಸ್, ಮೆಲೊಟ್ರಾನ್ ಕೊಳಲು, ಅಷ್ಟೇ. ಡ್ರಮ್ಮರ್ ಬಿಲ್ ಬ್ರೂಫರ್ಡ್ ಕೋಲುಗಳನ್ನು ಎದೆಗೆ ಅಡ್ಡ ಹಿಡಿದು ಸುಮ್ಮನೆ ಕೂತರು, ಒಂದೇ ಒಂದು ಪೆಟ್ಟು ಹಾಕಲಿಲ್ಲ. ಉಳಿದವರು ರಚನೆಕಾರರ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಿದರು! 1997ರಲ್ಲಿ ದ ನೈಟ್ ವಾಚ್ ಅಂತ ಇಡೀ ಕಛೇರಿ ಜನರ ಸದ್ದಿನ ಸಮೇತ ಬಂದಾಗ ಆ ಸುಮ್ಮನಿರುವಿಕೆಗೆ ಒಂದು ಸಭಾಂಗಣ ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಕೇಳಿ. ನನಗೆ ಎರಡನೆಯದೇ ಹಿಡಿಸಿದ್ದು.

ನಮ್ಮ ಬೈಠಕ್ ಟೇಪಿನಲ್ಲಿ "ವಾಹ್" ಬರುತ್ತದೆ, ಕೆಮ್ಮು ಬರುತ್ತದೆ, ತಬಲಾ ಶ್ರುತಿ ಮಾಡುವ ಸುತ್ತಿಗೆಯ ಠಕ್ ಠಕ್ ಬರುತ್ತದೆ. ತೆಗೆಯಬೇಕಾ? ಕುಂದಗೋಳದ ವಾಡೆಯಲ್ಲಿ ರಾತ್ರಿಯಿಡೀ ಹಾಡು ನಡೆದು ಬೆಳಗಿನ ಜಾವದ ಟೇಪಿನಲ್ಲಿ ಹಕ್ಕಿ ಕೂಗಿದ್ದರೆ, ಮೇಲೆ ಚೀಟಿ ಇಲ್ಲದ ಆ ಕ್ಯಾಸೆಟ್ ಯಾವ ಹೊತ್ತಿನದು ಅಂತ ಹೇಳೋಕೆ ಅದೊಂದು ಸಾಕ್ಷಿ. ಮೈಕಿಗೆ ಯಾರೋ ಕೈ ತಾಗಿಸಿದ ಧಡ್ ಅನ್ನುವ ಸದ್ದನ್ನು ತೆಗೆಯಿರಿ, ಯಾರದ್ದೂ ತಕರಾರಿಲ್ಲ. ವಾಹ್ ಅನ್ನು ಬಿಡಿ. ಗಾಯಕರು ಆ ವಾಹ್ ಕೇಳಿಯೇ ಮುಂದಿನ ತಾನ್ ತೆಗೆದುಕೊಂಡಿರುತ್ತಾರೆ.

ಒಂದೇ ಕಛೇರಿಯ ಎರಡು ಟೇಪ್ ಸಿಕ್ಕರೆ ಹಬ್ಬ. ಮಿಕ್ಸರ್‌ನಿಂದ ಬಂದದ್ದರಲ್ಲಿ ಹಾಡು ಜೋರು, ಡ್ರಮ್ಸ್ ಮೆಲ್ಲಗೆ, ಯಾಕೆಂದರೆ ತಾನಾಗೇ ಜೋರಿರುವ ಡ್ರಮ್ಸ್ ಮೈಕಿಗೆ ಜಾಸ್ತಿ ಕೊಟ್ಟಿರುವುದಿಲ್ಲ. ಜನರ ನಡುವಿನ ಟೇಪಿನಲ್ಲಿ ಸಭಾಂಗಣ ಇರುತ್ತದೆ, ಸ್ಪಷ್ಟತೆ ಇರಲ್ಲ. ಎರಡನ್ನೂ ಕೂಡಿಸಿದರೆ ಚೆನ್ನಾಗಿರುತ್ತದೆ. ಕೂಡಿಸೋದು ಮಾತ್ರ ಬೆವರಿಳಿಸುವ ಕೆಲಸ. 30 ಮೀಟರ್ ಹಿಂದೆ ಕೂತವನ ಮೈಕಿಗೆ ಸದ್ದು ಸುಮಾರು 87 ಮಿಲಿಸೆಕೆಂಡ್ ತಡವಾಗಿ ತಲುಪಿರುತ್ತದೆ. ಅದನ್ನು ಸರಿಸಿದಿರಿ ಅಂತಿಟ್ಟುಕೊಳ್ಳಿ, ಎರಡು ಡೆಕ್ಕುಗಳ ವೇಗದಲ್ಲಿ ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಇದ್ದರೂ 45 ನಿಮಿಷದ ಕೊನೆಗೆ 2.7 ಸೆಕೆಂಡ್ ದೂರ ಹೋಗಿರುತ್ತವೆ. ಕೆಲವು ನಿಮಿಷಕ್ಕೊಮ್ಮೆ ಹಿಡಿದು ಹಿಡಿದು ಕೂಡಿಸಬೇಕು.

ಎಐ ಬಗ್ಗೆ ಕೇಳೇ ಕೇಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಜಾನ್ ಲೆನನ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಕೊಂಡಿದ್ದ ದನಿಯನ್ನು ಪಿಯಾನೋದಿಂದ ಬಿಡಿಸಿ 2023ರಲ್ಲಿ ಬೀಟಲ್ಸ್ ಹೆಸರಿನಲ್ಲಿ ಹಾಡು ಬಂತು. ನಿಜಕ್ಕೂ ದೊಡ್ಡ ಕೆಲಸ. ಆದರೆ ನಮಗೆಲ್ಲ ಸಿಗುವ ಮಾಮೂಲಿ ಸಾಫ್ಟ್‌ವೇರ್ ಸದ್ದನ್ನು ನಾಲ್ಕು ಪಾಲು ಮಾಡುತ್ತದೆ: ಹಾಡು, ಡ್ರಮ್ಸ್, ಬೇಸ್, ಇತರೆ. ಮೆಲ್ ಕಾಲಿನ್ಸ್ ಸ್ಯಾಕ್ಸೋಫೋನ್ ಅರ್ಧ ಹಾಡಿಗೆ, ಅರ್ಧ ಇತರೆಗೆ ಹೋಗಿ ಕೂರಬಹುದು. ನಮ್ಮ ಕಡೆಯ ಟೇಪಿನಲ್ಲಿ ತಂಬೂರಿ, ಹಾರ್ಮೋನಿಯಂ, ಸಾರಂಗಿ ಎಲ್ಲ ಇತರೆ! ಪಾಲು ಮಾಡಿ ಒಂದು ವಾದ್ಯವನ್ನು ಕೊಂಚ ಎತ್ತೋಕೆ ಬಳಸಿ, ಪೂರಾ ಬೇರೆ ಮಾಡೋಕೆ ಹೋಗಬೇಡಿ ಅನ್ನುತ್ತೇನೆ ನಾನು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಅಲ್ರೀ ಸರ, ಅಷ್ಟು ಕೆಟ್ಟ ಕೇಳಸ್ತದ ಅಂದಮ್ಯಾಲೆ ಯಾಕ ಕೇಳಬೇಕು?"

ಯಾಕೆ ಅಂದರೆ ಅಜ್ಜಾರ, ಇದೇ ನಾಲ್ಕು ಜನ ಕೆಲವೇ ತಿಂಗಳ ಹಿಂದೆ ಐಲ್ಯಾಂಡ್ಸ್ ಅನ್ನುವ ಸ್ಟುಡಿಯೋ ಆಲ್ಬಮ್ ಮಾಡಿದ್ದರು. ಅದು ಮೆಲ್ಲನೆಯದು, ನಾಜೂಕಿನದು. ಕ್ಯಾಸೆಟ್ಟಿನಲ್ಲಿ ಅವರು ಬೇರೆಯೇ ಮನುಷ್ಯರು. ಪಿಯೋರಿಯಾ ಊರಿನಲ್ಲಿ ನುಡಿಸಿದ ತುಣುಕಿನಲ್ಲಿ ಸ್ಯಾಕ್ಸೋಫೋನ್ ಹೇಗೆ ಹರಿದುಕೊಂಡು ಹೋಗುತ್ತದೆ, ಆಗಷ್ಟೇ ಬೇಸ್ ಕಲಿತ ಬಾಜ್ ಅದನ್ನು ಹೇಗೆ ಹೊತ್ತು ನಿಂತಿದ್ದಾನೆ, ಅದು ಯಾವ ಸ್ಟುಡಿಯೋ ಟೇಪಿನಲ್ಲೂ ಇಲ್ಲ.

ಎರಡನೆಯದು ಹುಬ್ಬಳ್ಳಿಯಿಂದ ಬಂದಿದ್ದ ಅಕ್ಕಾರೊಬ್ಬರದ್ದು: "ನಮ್ಮ ಮನ್ಯಾಗ ಅಪ್ಪಾರು ಮಾಡಿದ ಬೈಠಕ್ ಕ್ಯಾಸೆಟ್ ಒಂದು ಟ್ರಂಕ್ ಅದಾವ್ರಿ. ಮೊದಲ ಏನು ಮಾಡ್ಲಿ?"

ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯ ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ, ತಪ್ಪಿ ಅದರ ಮೇಲೆ ಇನ್ನೇನೋ ರೆಕಾರ್ಡ್ ಆಗೋದು ತಪ್ಪುತ್ತದೆ. ಟೇಪಿನ ಮೇಲೆ ಬಿಳಿ ಬೂಸ್ಟು ಕಂಡರೆ ಪ್ಲೇ ಮಾಡಬೇಡಿ, ಡೆಕ್ಕಿಗೂ ಹತ್ತುತ್ತದೆ. ಟೇಪನ್ನು ಬಿಸಿ ಮಾಡುವ ವಿಡಿಯೋ ನೋಡಿ ಮನೆಯಲ್ಲಿ ಹಾಗೆ ಮಾಡಬೇಡಿ. ಅದು ಮುಖ್ಯವಾಗಿ ಎಪ್ಪತ್ತರ ದಶಕದ ನಡುವಿನಿಂದ ಬಂದ ಕೆಲವು ದೊಡ್ಡ ರೀಲುಗಳ ಅಂಟಂಟು ರೋಗಕ್ಕೆ ಇರುವ ಮದ್ದು, ಅದೂ 54 ಡಿಗ್ರಿ ಆಸುಪಾಸಿನ ಹದದಲ್ಲಿ ಗಂಟೆಗಟ್ಟಲೆ. ನಿಮ್ಮ ಕ್ಯಾಸೆಟ್ಟನ್ನು ಒಳ್ಳೆಯ ಡೆಕ್ಕಿನಿಂದ 24 ಬಿಟ್‌ನಲ್ಲಿ, ಯಾವ ಫಿಲ್ಟರನ್ನೂ ಹಾಕದೆ ಕಂಪ್ಯೂಟರಿಗೆ ಇಳಿಸಿ. ಸುಯ್, ಗುಂಯ್ ಎಲ್ಲ ಇರಲಿ. ಆ ಫೈಲನ್ನು ಯಾವತ್ತೂ ಮುಟ್ಟಬೇಡಿ, ತೊಳೆಯೋದು ಬಳಿಯೋದು ಏನಿದ್ದರೂ ಅದರ ಕಾಪಿಯ ಮೇಲೆ. ತಬಲಾಕ್ಕೆ ಯಾರು ಕೂತಿದ್ದರು, ಯಾರ ಮನೆ, ಯಾವ ವರ್ಷ ಅನ್ನೋದನ್ನು ಗೊತ್ತಿರುವವರ ಹತ್ತಿರ ಕೇಳಿ ಫೈಲಿನ ಜೊತೆಗೇ ಬರೆದಿಡಿ.

ಮೂರನೆಯದು ಕಾಲೇಜು ಹುಡುಗ: "ಸರ್, ಯಾವುದರಿಂದ ಶುರು ಮಾಡ್ಲಿ?"

ದ ನೈಟ್ ವಾಚ್‌ನಿಂದ. ಆಮೇಲೆ ಬೇಕಿದ್ದರೆ ಯೆಸ್ ಬ್ಯಾಂಡಿನ ಪ್ರೊಜನಿ, 1972ರ ಏಳು ಪೂರಾ ಕಛೇರಿಗಳು, 2015ರಲ್ಲಿ ಬಂದದ್ದು. ಬ್ರೂಫರ್ಡ್ ಆ ಬ್ಯಾಂಡ್ ಬಿಟ್ಟು ಕಿಂಗ್ ಕ್ರಿಮ್ಸನ್ನಿಗೆ ಬಂದಾಗ ಅವನ ಜಾಗಕ್ಕೆ ಕೂತ ಅಲನ್ ವೈಟ್ ರಾತ್ರಿಯಿಂದ ರಾತ್ರಿಗೆ ಅದೇ ಹಾಡುಗಳನ್ನು ನುಡಿಸೋದು ಅದರಲ್ಲಿ ಕೇಳುತ್ತದೆ. ಅರ್ಥ್‌ಬೌಂಡ್ ಕೊನೆಗೆ ಇರಲಿ. ಇಯರ್‌ಫೋನ್ ಬೇಡ, ಸ್ಪೀಕರಿನಲ್ಲಿ ಹಾಕು, ಟ್ರೆಬಲ್ ಮುಟ್ಟಬೇಡ, ಮತ್ತು ಮನೆಯವರು ಊರಲ್ಲಿ ಇಲ್ಲದ ದಿನ ನೋಡಿಕೊಂಡು ಹಾಕು.